ಚಿತ್ರ ದೊಡ್ಡದೋ, ತೆಗೆದವರ ಹೆಸರು ದೊಡ್ಡದೋ?

ವಾಚನಾಲಯದ ಮೇಜಿನ ಮೇಲೆ ಸಚಿತ್ರ ಪತ್ರಿಕೆಗಳನ್ನು ತಿರುವುವಾಗ ನಮ್ಮಲ್ಲಿ ಅನೇಕರು ಮೊದಲು ಚಿತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು ಓದುತ್ತಾರೆ. ಚಿತ್ರವನ್ನು ನೋಡುವುದು ಆಮೇಲೆ. ಹೆಸರು ಪರಿಚಿತವಾಗಿದ್ದರೆ ತಲೆದೂಗುತ್ತಾರೆ, ಇಲ್ಲವಾದರೆ ಪುಟ ಮಗುಚುತ್ತಾರೆ. ಹಾಗಾದರೆ ನಾವು ಮೆಚ್ಚುವುದು ಚಿತ್ರವನ್ನೋ, ಹೆಸರನ್ನೋ? ಇದು ಕಲಾವಿದರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಯಾವ ಚಿತ್ರ ಉಳಿಯಬೇಕು, ಯಾವುದು ರದ್ದಿಗೆ ಹೋಗಬೇಕು ಎಂಬುದು ಬಹುಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ. ಆದುದರಿಂದ ನಮ್ಮಂಥವರೂ ಯೋಚಿಸತಕ್ಕ ವಿಷಯವಿದು.

ಛಾಯಾಚಿತ್ರದ ಮಟ್ಟಿಗೆ ಪ್ರಸಿದ್ಧಿ ಮೂರು ಬಗೆ. ತೆಗೆದವರ ಪ್ರಸಿದ್ಧಿ ಒಂದು. ಚಿತ್ರದಲ್ಲಿರುವವರ ಪ್ರಸಿದ್ಧಿ ಇನ್ನೊಂದು. ಮತ್ತೆ ಮತ್ತೆ ಅಚ್ಚಾಗಿ ಚಿತ್ರಕ್ಕೇ ಬರುವ ಪ್ರಸಿದ್ಧಿ ಮೂರನೆಯದು. ಗಾಂಧೀಜಿಯವರ ಚಿತ್ರ ಮಸುಕಾಗಿದ್ದರೂ ಗೋಡೆಗೆ ತೂಗುಹಾಕುತ್ತೇವೆ. ಅದು ಭಕ್ತಿ, ತಪ್ಪೇನಿಲ್ಲ; ಆದರೆ ಭಕ್ತಿ ಬೇರೆ, ಚಿತ್ರದ ಗುಣ ಬೇರೆ. ನೂರು ಸಲ ಕಂಡ ಚಿತ್ರ ಚೆನ್ನಾಗಿದೆ ಎನಿಸುವುದು ಬಳಕೆಯ ಸಲಿಗೆ. ಇಲ್ಲಿ ಮುಖ್ಯವಾಗಿ ತೆಗೆದವರ ಹೆಸರಿನ ವಿಚಾರವನ್ನು ನೋಡೋಣ.

ಹೋಮೈ ವ್ಯಾರಾವಾಲಾ ಅವರನ್ನು ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎನ್ನುತ್ತಾರೆ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು. ಮೊದಮೊದಲು ಅವರು ತೆಗೆದ ಎಷ್ಟೋ ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದುದು ಪತಿ ಮಾಣೆಕ್‌ಶಾ ಅವರ ಹೆಸರಿನಲ್ಲಿ. ಆಕೆ ಹೆಂಗಸು, ಇನ್ನೂ ಹೆಸರಿಲ್ಲದವರು. ಮುಂದೆ ಅದೇ ಕೈ ದೆಹಲಿಯಲ್ಲಿ 1947ರ ಸ್ವಾತಂತ್ರ್ಯದ ದಿನಗಳನ್ನೂ, 1948ರಲ್ಲಿ ಗಾಂಧೀಜಿಯವರ ಅಂತಿಮಯಾತ್ರೆಯನ್ನೂ ಸೆರೆಹಿಡಿಯಿತು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು; ಮರುವರ್ಷ ತೀರಿಕೊಂಡರು. ಕೆಳಗಿನ ಹೆಸರನ್ನು ಬದಲಾಯಿಸಿದ ಮಾತ್ರಕ್ಕೆ ಚಿತ್ರದ ಬೆಳಕು ನೆರಳು ಎಳ್ಳಷ್ಟೂ ಬದಲಾಗಲಿಲ್ಲ. ಬದಲಾದುದು ನೋಡುವವರ ನಂಬಿಕೆ.

ಇನ್ನು ಗಿರಣಿಯವರಾದ ನಮಗೆ ಮನಸ್ಸಿಗೆ ನಾಟುವ ಉದಾಹರಣೆಯೊಂದಿದೆ. ಅಮೆರಿಕದ ಲೂಯಿಸ್ ಹೈನ್ ಮೊದಲು ಶಾಲಾ ಮಾಸ್ತರರು. 1908ರಿಂದ ಅಲ್ಲಿನ ಬಾಲಕಾರ್ಮಿಕ ಸಮಿತಿಯ ಪರವಾಗಿ ಹತ್ತಿಗಿರಣಿ, ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಚಿತ್ರ ತೆಗೆದರು. ಮಾಲೀಕರು ಒಳಗೆ ಬಿಡದ ಕಡೆ ಬೈಬಲ್ ಮಾರುವವರೆಂದೋ, ಯಂತ್ರಗಳ ಚಿತ್ರ ತೆಗೆಯುವವರೆಂದೋ ಹೇಳಿಕೊಂಡು ಹೋಗುತ್ತಿದ್ದರು. ಮಕ್ಕಳ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳಿಂದ ಅಳೆದುಕೊಳ್ಳುತ್ತಿದ್ದರು. ದಕ್ಷಿಣ ಕೆರೊಲಿನಾದ ಗಿರಣಿಯಲ್ಲಿ 1908ರಲ್ಲಿ ತೆಗೆದ ಚಿತ್ರವೊಂದರಲ್ಲಿ ನೂಲುವ ಯಂತ್ರದ ಉದ್ದನೆಯ ಸಾಲು. ಅದರ ಪಕ್ಕದಲ್ಲಿ ಪುಟ್ಟ ಹುಡುಗಿ. ಅವರೇ ಬರೆದಿಟ್ಟಂತೆ ಆಕೆಯ ಎತ್ತರ 48 ಅಂಗುಲ, ಕೆಲಸಕ್ಕೆ ಸೇರಿ ಆರು ತಿಂಗಳು. ಕದಿರು ಕಂಡವರಿಗೆ ಆ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ತೆಗೆದವರ ಹೆಸರೂ ಬೇಡ. ಇಂಥ ಚಿತ್ರಗಳು ಜನರ ಮನಸ್ಸನ್ನು ಕಲಕಿದವು. ಕೊನೆಗೆ 1938ರಲ್ಲಿ ಆ ದೇಶದ ಕಾನೂನು ಇಂಥ ದುಡಿಮೆಗೆ ಕಡಿವಾಣ ಹಾಕಿತು. ಆದರೂ ಹೈನ್ 1940ರಲ್ಲಿ ಬಡತನದಲ್ಲೇ ತೀರಿಕೊಂಡರು. ಆಮೇಲೆ ಅವರ ಚಿತ್ರಸಂಗ್ರಹವನ್ನು ಕೊಡುತ್ತೇವೆಂದರೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಒಪ್ಪಲಿಲ್ಲ. ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಸಂಗ್ರಹಾಲಯ ತೆಗೆದುಕೊಂಡಿತು. ಇಂದು ಛಾಯಾಗ್ರಹಣದ ಇತಿಹಾಸ ಬರೆಯುವವರು ಅವರನ್ನು ಬಿಡುವಂತಿಲ್ಲ.

ಇದೇ ಅಮೆರಿಕದ ಶಿಕಾಗೋದಲ್ಲಿ ವಿವಿಯನ್ ಮೇಯರ್ ಎಂಬಾಕೆ ಸಿರಿವಂತರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬಿಡುವಿನಲ್ಲಿ ಬೀದಿಯ ಜನರ ಚಿತ್ರ ತೆಗೆದು, ಯಾರಿಗೂ ಹೆಚ್ಚಾಗಿ ತೋರಿಸದೆ ಪೆಟ್ಟಿಗೆ ತುಂಬಿದರು. 2007ರಲ್ಲಿ, ಸಾಮಾನು ಇಟ್ಟಿದ್ದ ಗೋದಾಮಿನ ಬಾಡಿಗೆ ಬಾಕಿಯಾಗಿ, ಆ ಪೆಟ್ಟಿಗೆಗಳು ಹರಾಜಿಗೆ ಹೋದವು. ಕೊಂಡವರಲ್ಲಿ ಒಬ್ಬರಾದ ಜಾನ್ ಮಲೂಫ್ ಹುಡುಕುತ್ತಿದ್ದುದು ತಮ್ಮ ಪುಸ್ತಕಕ್ಕೆ ಬೇಕಾದ ಊರಿನ ಹಳೆಯ ಚಿತ್ರಗಳನ್ನು. ಅವು ಸಿಗದೆ ಪೆಟ್ಟಿಗೆಯನ್ನು ಕೆಲವು ಕಾಲ ಪಕ್ಕಕ್ಕಿಟ್ಟರು. 2009ರಲ್ಲಿ ಮೇಯರ್ ಸತ್ತರು. ಲೋಕ ಅವರ ಹೆಸರು ಕೇಳಿದ್ದು ಅದಾದ ಮೇಲೆ. ಒಂದು ಲಕ್ಷಕ್ಕೂ ಮಿಕ್ಕಿದ ಆ ನೆಗೆಟಿವ್‌ಗಳಲ್ಲಿ ನಾವು ನೋಡುವುದು ಇತರರು ಆರಿಸಿದ ಕೆಲವನ್ನು ಮಾತ್ರ. ಆಯಾ ಅಜ್ಞಾತೆಯ ಕಥೆಯೂ ಈಗ ಪ್ರತಿ ಚಿತ್ರಕ್ಕೂ ಅಂಟಿಕೊಂಡಿದೆ. ಹೆಸರಿಲ್ಲದಾಗ ಒಳ್ಳೆಯದೂ ಕಾಣಲಿಲ್ಲ. ಹೆಸರು ಬಂದಮೇಲೆ ಸಾಧಾರಣವಾದುದೂ ಅದ್ಭುತವಾಗಿ ಕಾಣುವ ಭಯವುಂಟು.

ಹೀಗೇಕಾಗುತ್ತದೆ? ಬಟ್ಟೆ ಕೊಳ್ಳುವವರು ಅಂಚಿನ ಮೇಲಿನ ಮಿಲ್ಲಿನ ಛಾಪನ್ನು ನೋಡಿ ನಂಬುತ್ತಾರೆ. ಪ್ರತಿಯೊಂದು ತಾನನ್ನು ಬಿಚ್ಚಿ ನೋಡಲು ಯಾರಿಗೆ ಪುರಸತ್ತು? ಆದರೆ ಛಾಪು ಬೀಳುವ ಮೊದಲು ಬಟ್ಟೆಯ ದೋಷಗಳನ್ನು ಹುಡುಕಿ ತೆಗೆಯುವ ಪರೀಕ್ಷೆಯೊಂದಿದೆ. ಛಾಯಾಚಿತ್ರದ ಕೆಳಗಿನ ಹೆಸರಿಗೆ ಅಂಥ ಪರೀಕ್ಷೆಯಿಲ್ಲ. ದೊಡ್ಡವರೂ ಕೆಟ್ಟ ಚಿತ್ರ ತೆಗೆಯುತ್ತಾರೆ. ಅವು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಹಾಗೆಂದು ಹೆಸರಿಗೆ ಬೆಲೆಯೇ ಇಲ್ಲವೆನ್ನಲಾಗದು. ಮೂವತ್ತು ವರ್ಷ ಒಳ್ಳೆಯ ಕೆಲಸ ಮಾಡಿದವರ ಚಿತ್ರವನ್ನು ಎರಡನೆಯ ಸಲ ನಿಂತು ನೋಡುವುದು ನ್ಯಾಯವೇ. ಆದರೆ ಹೆಸರಿಗೆ ಕೊಡತಕ್ಕದ್ದು ಮುಂಗಡ ಮಾತ್ರ; ಪೂರ್ತಿ ಪಗಾರ ಚಿತ್ರವನ್ನು ನೋಡಿದ ಮೇಲೆ.

ನೋಡುವುದು ಹೇಗೆ? ಕೆಳಗಿನ ಹೆಸರನ್ನು ಕೈಯಿಂದ ಮುಚ್ಚಿಕೊಳ್ಳಿ. ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಬೆಳಕು ಯಾವ ಕಡೆಯಿಂದ ಬಿದ್ದಿದೆ? ಅಂಚಿನಲ್ಲಿ ಏನನ್ನು ಬಿಟ್ಟಿದ್ದಾರೆ? ಒಂದು ಗಳಿಗೆ ಮುಂಚೆ ಅಥವಾ ತಡವಾಗಿ ತೆಗೆದಿದ್ದರೆ ಇದೇ ಚಿತ್ರ ಸಿಗುತ್ತಿತ್ತೇ? ಇವಕ್ಕೆ ಉತ್ತರ ಹೇಳಿಕೊಂಡು ಆಮೇಲೆ ಹೆಸರು ಓದಿ.

ನಮ್ಮವರೆಂಬ ಅಭಿಮಾನವೂ ಒಂದು ಬಗೆಯ ಹೆಸರೇ ಎಂಬುದನ್ನು ಮರೆಯಬಾರದು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಕನ್ನಡಿಗರೆಂದು ಹೆಮ್ಮೆಪಡೋಣ, ಆದರೆ ಅವರ ಚಿತ್ರಗಳನ್ನೂ ಹೆಸರು ಮುಚ್ಚಿಯೇ ನೋಡೋಣ. ಅವರು ತೆಗೆದ ಸಾಮಾನ್ಯರ ಮುಖಗಳು ಆ ಪರೀಕ್ಷೆಗೆ ಅಂಜುವಂಥವಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಮ್ಮ ಟ್ರಂಕಿನ ತಳದಲ್ಲಿರುವ ಚಿತ್ರಗಳನ್ನು ನಾವೇ ಕಡೆಗಣಿಸುತ್ತೇವೆ. ಊರಿನ ಸ್ಟುಡಿಯೋದವರು ತೆಗೆದ ಅಪ್ಪ ಅಮ್ಮನ ಚಿತ್ರ, ಚಾಳಿನ ಗೆಳೆಯರ ಚಿತ್ರ, ಈಗ ಫೋನಿನಲ್ಲಿ ತೆಗೆದದ್ದೂ ಇರಬಹುದು. ತೆಗೆದವರಿಗೆ ಹೆಸರಿಲ್ಲ, ಚಿತ್ರದಲ್ಲಿರುವವರಿಗೂ ಇಲ್ಲ. ಹೆಸರಿದ್ದವರದನ್ನು ಸಂಗ್ರಹಾಲಯ ಕಾಯುತ್ತದೆ. ಇವನ್ನು ನಾವಲ್ಲದೆ ಬೇರಾರೂ ಕಾಯಲಾರರು. ಪ್ರತಿಯೊಂದರ ಹಿಂಬದಿಯಲ್ಲಿ ಯಾರು, ಯಾವ ಊರು, ಯಾವ ವರ್ಷ, ತೆಗೆದವರು ಯಾರು ಎಂದು ಸೀಸದ ಕಡ್ಡಿಯಿಂದ ಹಗುರವಾಗಿ ಬರೆದಿಡಿ. ನಾಡಹಬ್ಬದ ಹೊತ್ತಿಗೆ ವಾಚನಾಲಯದ ಫಲಕದಲ್ಲಿ ಅವನ್ನು ಹಾಕೋಣ. ಹೆಸರು ಹಿಂದೆ ಇರಲಿ, ಚಿತ್ರ ಮುಂದೆ ಇರಲಿ. ನೋಡಿ ಮೆಚ್ಚಿದವರು ತಿರುಗಿಸಿ ಓದಿಕೊಳ್ಳಲಿ.