ನರ ಅಲ್ಲ ಸ್ವಾಮಿ, ಅದು ಹುರಿ!

ಸಂಜೆ ಐದೂವರೆ. ಪೀಣ್ಯದ ಗಾರ್ಮೆಂಟ್ಸ್ ಬಿಟ್ಟ ಹೊತ್ತು. ನಾಗಸಂದ್ರ ಮೆಟ್ರೋ ನಿಲ್ದಾಣದ ಕೆಳಗೆ ಐದು ನಿಮಿಷ ನಿಂತು ನೋಡಿ. ಡಬ್ಬಿ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿ, ಮೊಣಕೈ ನೀವಿಕೊಳ್ಳುತ್ತಾ ನಡೆಯುವವರು ಕಣ್ಣಿಗೆ ಬಿದ್ದೇ ಬೀಳುತ್ತಾರೆ. ಕೇಳಿದರೆ ಉತ್ತರ ಒಂದೇ: "ಏನಿಲ್ಲಣ್ಣ, ನರ ಹಿಡ್ಕೊಂಡಿದೆ."

ನರ ಅಲ್ಲ ತಾಯಿ. ಬಹಳ ಸಲ ನೋಯುವುದು ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹುರಿ. ಡಾಕ್ಟರು ಟೆಂಡನ್ ಅಂತಾರೆ, ಪುಸ್ತಕದಲ್ಲಿ ಸ್ನಾಯುರಜ್ಜು ಅಂತಿದೆ. ಮೊಣಕೈ ಹೊರಮಗ್ಗುಲಿಗೆ ಬಂದರೆ ಅದರ ಹೆಸರು ಟೆನ್ನಿಸ್ ಎಲ್ಬೋ. ಟೆನ್ನಿಸ್ ಆಡಲೇಬೇಕೆಂದೇನೂ ಇಲ್ಲ. ಕ್ರಿಕೆಟ್ಟಿನ ಸಚಿನ್ ತೆಂಡೂಲ್ಕರ್ ಇದೇ ನೋವಿಗೆ 2005ರಲ್ಲಿ ಆಪರೇಷನ್ ಮಾಡಿಸಿಕೊಂಡರು. ನಮ್ಮವರಿಗೆ ಕತ್ತರಿ, ಸ್ಪ್ಯಾನರು, ಡ್ರಿಲ್ಲು ಸಾಕು. ಮನೆಗೆ ಹೋದ ಮೇಲೆ ಬಟ್ಟೆ ಹಿಂಡುವುದು, ಮುದ್ದೆ ತಿರುವುವುದು. ಪಾಪ, ಹುರಿಗೆ ಬಿಡುವೆಲ್ಲಿ?

ಹುರಿ ಯಾಕೆ ನೋಯುತ್ತೆ?

ಮಾಂಸಖಂಡಕ್ಕೆ ರಕ್ತ ಧಾರಾಳ, ಹುರಿಗೆ ಕಡಿಮೆ. ಆದ್ದರಿಂದ ಮಾಂಸಖಂಡದ ನೋವು ವಾರದಲ್ಲಿ ಮಾಯವಾದರೆ ಹುರಿಯದು ತಿಂಗಳುಗಟ್ಟಲೆ ಹಿಡಿಯುತ್ತದೆ. ಒಮ್ಮೆಗೇ ಕೆಲಸ ಹೆಚ್ಚಿದಾಗ, ಅಂದರೆ ಓವರ್‌ಟೈಂ ವಾರದಲ್ಲೋ ಹೊಸ ಮೆಷಿನ್ನು ಬಂದಾಗಲೋ, ಅದರ ಎಳೆಗಳು ಕೆಡುತ್ತವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಇನ್ನೂ ಬೇಗ ಅಂಟಿಕೊಳ್ಳುತ್ತದೆ.

ಹಾಗಾದರೆ ಕೈಕಟ್ಟಿ ಕೂತರಾಯಿತೇ? ಅದೂ ಸಲ್ಲ. ಕೆಲಸವೇ ಇಲ್ಲದ ಹುರಿ ಇನ್ನಷ್ಟು ಬಲಹೀನವಾಗುತ್ತದೆ. ಅಳತೆ ಮೀರದ ಭಾರವೇ ಅದಕ್ಕೆ ಔಷಧಿ.

ಸೂಜಿ ಚುಚ್ಚಿಸಿಕೊಂಡರೆ?

"ಒಂದು ಇಂಜೆಕ್ಷನ್ ಹಾಕಿಸ್ಕೊಂಡ್ರೆ ನಾಳೆನೇ ಕೆಲ್ಸಕ್ಕೆ ಹೋಗ್ಬಹುದು" ಅನ್ನುವವರುಂಟು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 198 ಮಂದಿ ಮೊಣಕೈ ರೋಗಿಗಳನ್ನು ಒಂದು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರನೇ ವಾರದಲ್ಲಿ ಸ್ಟೀರಾಯ್ಡ್ ಸೂಜಿಯವರೇ ಮುಂದೆ. ವರ್ಷ ತಿರುಗಿದಾಗ ಅವರೇ ಹಿಂದೆ! ಅನೇಕರಿಗೆ ನೋವು ಮರುಕಳಿಸಿತ್ತು. ಹಬ್ಬದ ಸಾಲದ ಹಾಗೆ, ಇವತ್ತು ಸುಖ, ನಾಳೆ ಬಡ್ಡಿ.

ಮನೆಯಲ್ಲೇ ಮಾಡುವುದೇನು?

ಮೊದಲ ಒಂದೆರಡು ವಾರ ನೋಯಿಸುವ ಕೆಲಸ ಕಡಿಮೆ ಮಾಡಿ. ಚೀಲವನ್ನು ಅಂಗೈ ಮೇಲ್ಮುಖವಾಗಿ ಹಿಡಿದು ಎತ್ತಿ. ಉಪ್ಪಿನ ಶಾಖವೋ ಐಸೋ, ಯಾವುದು ಹಿತವೋ ಅದು. ನೋವು ಇಳಿಸೀತು, ಹುರಿ ಗಟ್ಟಿ ಮಾಡದು.

ಗಟ್ಟಿ ಮಾಡಲು ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಿಂದ ಹೊರಗೆ ಚಾಚಿ, ಅಂಗೈ ಕೆಳಗಾಗಿ ಬಾಟಲಿ ಹಿಡಿಯಿರಿ. ಇನ್ನೊಂದು ಕೈ ಸಹಾಯದಿಂದ ಮೇಲೆತ್ತಿ. ಇಳಿಸುವಾಗ ಸಹಾಯ ಬೇಡ, ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿಸಿ. ಹದಿನೈದು ಸಲ, ಮೂರು ಸುತ್ತು, ದಿನಕ್ಕೊಮ್ಮೆ. ವಾರಗಳು ಕಳೆದಂತೆ ಭಾರ ಏರಿಸಿ.

ಎಷ್ಟು ನೋವು ಬರಬಹುದು? ರೂಪಾಯಿಗೆ ನಾಲ್ಕಾಣೆಯಷ್ಟು ಬರಲಿ, ಎಂಟಾಣೆ ದಾಟಕೂಡದು. ಮರುದಿನ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚು ನೋಯುತ್ತಿದ್ದರೆ ಲೆಕ್ಕ ತಪ್ಪಿದೆ, ಭಾರ ಇಳಿಸಿ.

ಹಿಮ್ಮಡಿ ಮೇಲಿನ ಹುರಿ ನೋಯುವವರಿಗೂ ಇದೇ ಸೂತ್ರ. ಸ್ವೀಡನ್ನಿನ ಡಾಕ್ಟರು ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ವಿಧಾನವಿದು. ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ನಿಂತು, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು. ದಿನಕ್ಕೆ ಎರಡು ಸಲ, 12 ವಾರ. ಹಿಮ್ಮಡಿ ಮೂಳೆಯ ಹತ್ತಿರವೇ ನೋಯುವವರು ಮೆಟ್ಟಿಲು ಬಿಟ್ಟು ಸಮತಟ್ಟಾದ ನೆಲದಲ್ಲೇ ಮಾಡಲಿ. 12 ವಾರ ಅಂದರೆ ಮೂರು ತಿಂಗಳು! ನಾಲ್ಕೇ ದಿನಕ್ಕೆ ಬಿಟ್ಟು "ಕೆಲ್ಸಕ್ಕೆ ಬರ್ಲಿಲ್ಲ" ಅನ್ನಬೇಡಿ.

ಯಾವಾಗ ಆಸ್ಪತ್ರೆಗೆ?

"ಟಪ್" ಅಂತ ಸದ್ದಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಹುರಿ ಹರಿದಿರಬಹುದು. ಅದೇ ದಿನ ಹೋಗಿ. ಕೆಂಪಾಗಿ ಊದಿ ಜ್ವರ ಬಂದರೂ, ಬೆರಳು ಮರಗಟ್ಟಿದರೂ ಹೋಗಿ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಮಾತ್ರೆ ನುಂಗುವಾಗ ಹುರಿ ನೋವು ಬಂದರೆ ತಕ್ಷಣ ಡಾಕ್ಟರಿಗೆ ಹೇಳಿ. ಇವು ಹುರಿ ಹರಿಯಬಹುದೆಂದು ಅಮೆರಿಕದ ಔಷಧ ಇಲಾಖೆ 2008ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ನೋವಿನ ಮಾತ್ರೆಯನ್ನು ದಿನಾ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕುತ್ತು.

ರಜೆ ಹಾಕಿದರೆ ಕೂಲಿ?

ಅಸಲು ನೋವು ಇದೇ. ಪೀಸ್ ಲೆಕ್ಕದವರಿಗೆ ಕೈ ನಿಂತರೆ ಒಲೆ ನಿಂತ ಹಾಗೆ. ಆದರೆ ಇ.ಎಸ್.ಐ. ಇದ್ದವರು ಮರೆಯಬಾರದು: 2019ರ ಜುಲೈಯಿಂದ ನಿಮ್ಮ ಕೂಲಿಯ ನೂರು ರೂಪಾಯಿಗೆ 75 ಪೈಸೆ ಅದಕ್ಕೆ ಹೋಗುತ್ತಿದೆ, ಮಾಲೀಕರ ಪಾಲು ಮೂರೂಕಾಲು ರೂಪಾಯಿ. ಚಂದಾ ದಿನಗಳ ಷರತ್ತು ತುಂಬಿದವರಿಗೆ ಇ.ಎಸ್.ಐ. ಡಾಕ್ಟರು ರಜೆ ಬರೆದರೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ. ಪೀಣ್ಯದಲ್ಲೇ ಆಸ್ಪತ್ರೆ ಇದೆ, ರಾಜಾಜಿನಗರದಲ್ಲೂ ಇದೆ. ಅದು ಧರ್ಮವಲ್ಲ, ನಿಮ್ಮದೇ ದುಡ್ಡು.

ಮಾಲೀಕರಿಗೂ ಒಂದು ಮಾತು. ಮೇಜು ಒಂದು ಗೇಣು ಏರಿಸಿ ಇಳಿಸುವುದಕ್ಕೆ, ಮಂದವಾದ ಕತ್ತರಿ ಸಾಣೆ ಹಿಡಿಸುವುದಕ್ಕೆ, ಎರಡು ಗಂಟೆಗೊಮ್ಮೆ ಕೆಲಸ ಬದಲಿಸುವುದಕ್ಕೆ ಎಷ್ಟು ಖರ್ಚಾದೀತು? ನುರಿತ ಕೈಯೊಂದು ಮೂಲೆ ಸೇರಿದರೆ ಆಗುವ ನಷ್ಟಕ್ಕಿಂತ ಕಡಿಮೆಯೇ!