ಮಂಗಳೂರಿನಿಂದ ಹುಬ್ಬಳ್ಳಿಗೆ ಹಾರಲು ಎಷ್ಟು ಹೊತ್ತು?

ಅಟ್ಲಾಸ್ ಬಿಡಿಸಿ ಮಂಗಳೂರು, ಹುಬ್ಬಳ್ಳಿಗಳನ್ನು ಹುಡುಕಿ. ಒಂದರ ನೆತ್ತಿಯ ಮೇಲೆ ಇನ್ನೊಂದು ಕುಳಿತಂತೆ ಕಾಣುತ್ತದೆ. ರಸ್ತೆಯಲ್ಲಾದರೆ ಕರಾವಳಿ ಹಿಡಿದು ಅಂಕೋಲೆವರೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಯಲ್ಲಾಪುರದ ಮೇಲೆ 350 ಕಿ.ಮೀ.ಗೂ ಹೆಚ್ಚು. ಆಕಾಶದಲ್ಲಿ ಎಷ್ಟು?

ಇದನ್ನು ನೀವೇ ಲೆಕ್ಕ ಹಾಕಬಹುದು. ಮಂಗಳೂರು ವಿಮಾನ ನಿಲ್ದಾಣದ ಅಕ್ಷಾಂಶ 12 ಡಿಗ್ರಿ 57 ಮಿನಿಟು, ಹುಬ್ಬಳ್ಳಿಯದು 15 ಡಿಗ್ರಿ 21 ಮಿನಿಟು. ವ್ಯತ್ಯಾಸ 2 ಡಿಗ್ರಿ 24 ಮಿನಿಟು, ಅಂದರೆ 144 ಮಿನಿಟು. ಅಕ್ಷಾಂಶದ ಒಂದು ಮಿನಿಟಿನ ದೂರಕ್ಕೇ ನಾವಿಕರು ನಾಟಿಕಲ್ ಮೈಲಿ ಎಂದು ಹೆಸರಿಟ್ಟರು. ಪೈಲಟ್‌ಗಳೂ ಇಂದಿಗೂ ಅದನ್ನೇ ಬಳಸುತ್ತಾರೆ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಇನ್ನು ಹುಬ್ಬಳ್ಳಿ ಕೊಂಚ ಪೂರ್ವಕ್ಕಿದೆಯಲ್ಲ? ಅದು ಸುಮಾರು 12 ನಾಟಿಕಲ್ ಮೈಲಿ. ಪೈಥಾಗೊರಸ್ ಪ್ರಮೇಯ ಹಚ್ಚಿ ನೋಡಿ: 144 ಹೋಗಿ 144.5 ಆಗುತ್ತದೆ, ಅಷ್ಟೆ! ಒಟ್ಟು ಸುಮಾರು 267 ಕಿ.ಮೀ.

ನಮ್ಮ ಕಡೆಯ ಸಣ್ಣ ನಿಲ್ದಾಣಗಳಿಗೆ ಬರುವ ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 32 ನಿಮಿಷ. ಒಂಬತ್ತನೆಯ ತರಗತಿಯಲ್ಲಿ ಈ ಉತ್ತರಕ್ಕೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ನಮ್ಮ ಮಾವ ಬೆಂಗಳೂರಿನಿಂದ ಮಂಗಳೂರಿಗೆ ಬಂದ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಮೇಲಿತ್ತು. ಅದು 300 ಕಿ.ಮೀ. ಅಲ್ಲವೇ?” ಎಂದ. ಕೂಡಲೇ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆಂದು ಗಂಟೆ ಬಾರಿಸುವವರೆಗೆ ತಳ್ಳಿದೆ.

ತಪ್ಪು ಭಾಗಾಕಾರದಲ್ಲಿ ಇರಲಿಲ್ಲ. ಟಿಕೆಟ್ಟಿನ ಹೊತ್ತು ಬರೀ ಹಾರಾಟದ್ದಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಅದು ನಿಲ್ಲುವವರೆಗೆ ಎಣಿಸುತ್ತಾರೆ. ಮೇಲೇರುವಾಗ ಎಟಿಆರ್‌ನ ವೇಗ 300 ಕಿ.ಮೀ. ಆಸುಪಾಸು, ಇಳಿಯುವ ಮುನ್ನ ಮತ್ತೆ ನಿಧಾನ. ಹತ್ತಿರದ ಪಯಣದಲ್ಲಿ 500ರ ವೇಗದಲ್ಲಿ ಓಡುವುದು ನಡುವಿನ ಸ್ವಲ್ಪ ಹೊತ್ತು ಮಾತ್ರ.

ಇನ್ನೊಂದು ತಮಾಷೆ ನೋಡಿ. ರನ್‌ವೇ ತುದಿಯಲ್ಲಿ ದೊಡ್ಡದಾಗಿ ಬರೆದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ದಿಕ್ಸೂಚಿಯ ಡಿಗ್ರಿ ಸಿಗುತ್ತದೆ. ಮಂಗಳೂರಿನ ರನ್‌ವೇಗೆ 06 ಮತ್ತು 24, ಹುಬ್ಬಳ್ಳಿಯದಕ್ಕೆ 08 ಮತ್ತು 26. ಎರಡೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಹೋಗಬೇಕಾದದ್ದೋ ನೇರ ಉತ್ತರಕ್ಕೆ! ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು. ಕಡಲಗಾಳಿ ಬೀಸುವಾಗ ಅದು ಮಂಗಳೂರಿನಿಂದ ಮೊದಲು ಸಮುದ್ರದ ಕಡೆಗೆ ಎದ್ದು, ಆಮೇಲೆ ಉತ್ತರಕ್ಕೆ ಹೊರಳುತ್ತದೆ. ಹುಬ್ಬಳ್ಳಿಯಲ್ಲಿ ಮತ್ತೆ ಅಡ್ಡ ತಿರುಗಿ ರನ್‌ವೇಗೆ ಸರಿಹೊಂದಬೇಕು. ಹೀಗೆ 32 ನಿಮಿಷ ಬೆಳೆದು ಗಂಟೆಯ ಹತ್ತಿರ ಬರುತ್ತದೆ. ಮರುದಿನ ಇದನ್ನೆಲ್ಲ ಹೇಳಿ, ಪ್ರಶ್ನೆಗೆ “ವೇಗ ಒಂದೇ ಸಮ ಇದ್ದರೆ” ಎಂದು ಸೇರಿಸಿದೆ.

ಮಕ್ಕಳನ್ನು ಕೌನ್ಸೆಲಿಂಗಿಗೋ ಸಂದರ್ಶನಕ್ಕೋ ಕಳಿಸುವ ಪೋಷಕರು ಮಾತ್ರ ಈ ಒಂದು ಗಂಟೆಯನ್ನೂ ನಂಬಬಾರದು. ನೇರ ವಿಮಾನವಿಲ್ಲದ ದಿನ ಬೆಂಗಳೂರಿನ ಮೇಲೆ ಹೋಗಬೇಕು: 300 ಚಿಲ್ಲರೆ ಕಿ.ಮೀ. ಪೂರ್ವಕ್ಕೆ, ಅಲ್ಲಿಂದ ಸುಮಾರು 370 ಕಿ.ಮೀ. ವಾಯವ್ಯಕ್ಕೆ. 267ರ ಬದಲು 670 ದಾಟಿತು. ಮನೆಯಿಂದ ನಿಲ್ದಾಣಕ್ಕೆ ಹೋಗುವುದು, ಮುಂಚಿತವಾಗಿ ಕಾಯುವುದು, ಬೆಂಗಳೂರಿನಲ್ಲಿ ಮತ್ತೆ ಕೂರುವುದು ಎಲ್ಲ ಕೂಡಿಸಿ. ರಾತ್ರಿ ಬಸ್ಸು ಹತ್ತಿದವನು ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಇಳಿದು ಚಹಾ ಕುಡಿಯುತ್ತಿದ್ದರೂ ಆಶ್ಚರ್ಯವಿಲ್ಲ.