ಖಾಲಿ ಜಾಗ ಯಾರದು?

ಹೊಸ ಬಡಾವಣೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ: “ಅದೇನ್ರೀ, ಖಾಲಿ ಬಿದ್ದದ, ಯಾರದೂ ಅಲ್ಲ.” ಮನೆಗಳ ನಡುವೆ ಬೇಲಿಯಿಲ್ಲದೆ ಬಿದ್ದಿರುವ, ಜಾಲಿ ಬೆಳೆದ, ಸಂಜೆ ಹುಡುಗರು ಕ್ರಿಕೆಟ್ ಆಡುವ ಜಾಗವನ್ನು ಕುರಿತ ಮಾತಿದು. ‘ಯಾರದೂ ಅಲ್ಲ’ ಎಂದ ಮೇಲೆ ಯಾರಾದರೊಬ್ಬರು ‘ನಮ್ಮದು’ ಎನ್ನಲು ತಡವಾಗುವುದಿಲ್ಲ. ಆದ್ದರಿಂದ ಈ ಜಾಗ ಎಲ್ಲಿಂದ ಬಂತು, ನಿಜವಾಗಿ ಯಾರದು, ಉಳಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳಲು ಯತ್ನಿಸಿದ್ದೇನೆ.

ನಾನಿರುವುದು ದೌಂಡದಲ್ಲಿ. ನಮ್ಮ ಸಂಘದ ಮಿತ್ರರಲ್ಲಿ ಹಲವರಿಗೆ ಈ ಊರು ರೈಲಿನ ಕಿಟಕಿಯಿಂದಷ್ಟೇ ಗೊತ್ತು. ಕಲಬುರ್ಗಿ, ಸೊಲ್ಲಾಪುರದ ಕಡೆಯಿಂದ ಬರುವವರಿಗೆ ‘ದೌಂಡ ಬಂತು’ ಎಂದರೆ ಪುಣೆ ಹತ್ತಿರವಾಯಿತೆಂದು ಅರ್ಥ. ಮನಮಾಡದ ಹಾದಿ ಒಡೆಯುವುದೂ ಇಲ್ಲಿಯೇ. ಜಂಕ್ಷನ್ ಬೆಳೆದಂತೆ ಊರೂ ಬೆಳೆಯಿತು. ಪುಣೆಗೆ ದಿನಾಲೂ ಹೋಗಿ ಬಂದು ಮಾಡುವ ನೌಕರರು ಇಲ್ಲಿ ಮನೆ ಕಟ್ಟಿಕೊಂಡರು, ಹೊಲಗಳು ಪ್ಲಾಟುಗಳಾದವು. ಊರಿನ ಮಗ್ಗುಲಲ್ಲಿ ಭೀಮೆ ಹರಿಯುತ್ತಾಳೆ, ಮುಂದೆ ನಮ್ಮ ಕನ್ನಡ ನಾಡಿಗೆ ಬಂದು ಕೃಷ್ಣೆಯನ್ನು ಸೇರುತ್ತಾಳೆ. ಆದರೆ ಸಹ್ಯಾದ್ರಿಯ ಮರೆಯಲ್ಲಿರುವ ಈ ಸೀಮೆಗೆ ಮಳೆ ಕಡಿಮೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಇಲ್ಲಿ ನಿಂತು ನೋಡಿದವರಿಗೆ ಮರವೆಂಬುದು ಅಲಂಕಾರವಲ್ಲ, ಆಸರೆ ಎಂಬುದು ತಾನಾಗಿ ತಿಳಿಯುತ್ತದೆ.

ಈಗ ಜಾಗದ ಮಾತಿಗೆ ಬರೋಣ. ಹೊಲವನ್ನು ಎನ್.ಎ. ಮಾಡಿಸಿ ಪ್ಲಾಟು ಹಾಕುವಾಗ ಎಲ್ಲವನ್ನೂ ಮಾರಲು ಕಾಯಿದೆ ಬಿಡುವುದಿಲ್ಲ. ಮಹಾರಾಷ್ಟ್ರದಲ್ಲಿ 2020ರಲ್ಲಿ ಜಾರಿಗೆ ಬಂದ ಏಕೀಕೃತ ಅಭಿವೃದ್ಧಿ ನಿಯಮಗಳ ಪ್ರಕಾರ, 4000 ಚದರ ಮೀಟರು ಅಥವಾ ಅದಕ್ಕೂ ಹೆಚ್ಚಿನ ಜಾಗದಲ್ಲಿ ಶೇಕಡಾ 10ರಷ್ಟನ್ನು ವಿಹಾರಕ್ಕಾಗಿ ಬಯಲು ಬಿಡಬೇಕು. ನಮ್ಮ ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ ಎಕರೆಗೆ ನಾಲ್ಕು ಗುಂಟೆ. ಈ ನಾಲ್ಕು ಗುಂಟೆಯನ್ನು ಪ್ಲಾಟು ಹಾಕಿದ ಧಣಿ ದಾನ ಮಾಡಿದನೆಂದು ನಂಬಿದವರು ಬಹಳ. ಅದು ನಿಜವಲ್ಲ. ಅವನು ಮಾರಲಾಗದ ನೆಲದ ಬೆಲೆಯನ್ನು ಮಾರಿದ ಪ್ಲಾಟುಗಳ ಮೇಲೆ ಹಂಚಿಯೇ ದರ ಹಾಕಿರುತ್ತಾನೆ. ಅಂದರೆ ಪ್ಲಾಟು ಕೊಂಡ ಪ್ರತಿಯೊಬ್ಬನೂ ಆ ಬಯಲಿನ ಒಂದು ಪಾಲಿಗೆ ಹಣ ಕೊಟ್ಟಿದ್ದಾನೆ. ಅದು ‘ಯಾರದೂ ಅಲ್ಲ’ ಎಂಬ ಜಾಗವಲ್ಲ. ಎಲ್ಲರೂ ಕೂಡಿ ಕೊಂಡ ಜಾಗ.

ಈ ಮಾತನ್ನು ಗಟ್ಟಿ ಮಾಡಿದ ಮೊಕದ್ದಮೆಯೊಂದು ನಮ್ಮ ಬೆಂಗಳೂರಿನದೇ. ರಾಜಮಹಲ್ ವಿಲಾಸ್ ಬಡಾವಣೆಯ ನಕಾಶೆಯಲ್ಲಿ ಸಾರ್ವಜನಿಕರಿಗಾಗಿ ಬಯಲು ಎಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಸರಕಾರದ ಆದೇಶದ ಮೇರೆಗೆ ಖಾಸಗಿ ಆಸ್ಪತ್ರೆಗಾಗಿ ಒಂದು ಟ್ರಸ್ಟಿಗೆ ಕೊಡಲಾಯಿತು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. ಮೊದಲು ಒಬ್ಬ ನ್ಯಾಯಮೂರ್ತಿಗಳು ಅರ್ಜಿಯನ್ನು ತಳ್ಳಿಹಾಕಿದರು. ಮೇಲ್ಮನವಿಯಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ನಿವಾಸಿಗಳ ಪರ ನಿಂತಿತು. ಟ್ರಸ್ಟಿನವರು ಸುಪ್ರೀಂ ಕೋರ್ಟಿಗೆ ಹೋದರು. 1991ರ ಜುಲೈಯಲ್ಲಿ ನ್ಯಾಯಮೂರ್ತಿ ತೊಮ್ಮೆನ್ ಹಾಗೂ ನ್ಯಾಯಮೂರ್ತಿ ಸಹಾಯ್ ಅವರ ಪೀಠ ಟ್ರಸ್ಟಿನ ಮನವಿಯನ್ನು ವಜಾ ಮಾಡಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ. ಎಸ್. ಮುದ್ದಪ್ಪ’ ಎಂಬ ಹೆಸರಿನ ಈ ತೀರ್ಪನ್ನು ಪಾರ್ಕಿನ ತಕರಾರು ಎದ್ದಲ್ಲೆಲ್ಲ ವಕೀಲರು ಇಂದಿಗೂ ಎತ್ತಿ ಓದುತ್ತಾರೆ.

ಅದರಲ್ಲಿ ಎರಡು ಸಂಗತಿ ಮುಖ್ಯ. ಒಂದು: ‘ನಿಮಗೇನು ನಷ್ಟ? ನಿಮ್ಮ ಮನೆ ಹೋಯಿತೇ?’ ಎಂದು ನಿವಾಸಿಯನ್ನು ಬಾಗಿಲಲ್ಲೇ ತಡೆಯುವಂತಿಲ್ಲ. ಬಯಲು ಹೋದರೆ ಅಲ್ಲಿ ವಾಸಿಸುವವನಿಗೆ ನಷ್ಟವೇ. ಕೇಳುವ ಹಕ್ಕು ಅವನಿಗುಂಟು. ಎರಡು: ಆಸ್ಪತ್ರೆ ಒಳ್ಳೆಯದಲ್ಲವೇ ಎಂಬ ವಾದ. ಒಳ್ಳೆಯದೇ. ಆದರೆ ಖಾಸಗಿ ಆಸ್ಪತ್ರೆಗೆ ಹಣವುಳ್ಳವನು ಹೋಗುತ್ತಾನೆ, ಪಾರ್ಕಿಗೆ ಯಾರೂ ಹೋಗಬಹುದು. ಒಂದರ ಬದಲಿಗೆ ಇನ್ನೊಂದನ್ನು ಇಡಲು ಬರುವುದಿಲ್ಲ. ಮುಂದೆ ಇಂಥದು ನಡೆಯಬಾರದೆಂದು ಬಿ.ಡಿ.ಎ. ಕಾಯಿದೆಯಲ್ಲಿ 38-ಎ ಕಲಮು ಸೇರಿದೆ. 1985ರಲ್ಲಿ ಉದ್ಯಾನ, ಆಟದ ಬಯಲುಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ ಬೇರೊಂದು ಕಾಯಿದೆಯೂ ಬಂತು.

ನನಗೆ ಈ ಎರಡನೆಯ ಸಂಗತಿಯೇ ಹೆಚ್ಚು ಮಹತ್ವದ್ದೆನಿಸುತ್ತದೆ. ಪಾರ್ಕನ್ನು ನುಂಗುವವರೆಲ್ಲ ಕಳ್ಳರೇ ಎಂದು ತಿಳಿದರೆ ತಪ್ಪು. ಹೆಚ್ಚಿನ ಸಲ ಒಳ್ಳೆಯ ಕೆಲಸಗಳೇ ಅದನ್ನು ನುಂಗುತ್ತವೆ. ಸಭಾಮಂಟಪ, ಗುಡಿ, ನೀರಿನ ಟಾಕಿ, ವಾಚನಾಲಯ. ನಮ್ಮ ಓಣಿಯ ಬಯಲಿಗೂ ಒಂದು ಸಭಾಮಂಟಪದ ಸೂಚನೆ ಬಂದಿದೆ. “ವರ್ಷಕ್ಕ ನಾಲ್ಕು ಲಗ್ನ ಆಗ್ತಾವ, ಬಡವರಿಗೆ ಅನುಕೂಲ” ಎನ್ನುತ್ತಾರೆ ಹಿರಿಯರು. ಸುಳ್ಳೇನಲ್ಲ. “ಹೌದ್ರಿ ಕಾಕಾ, ಉಳಿದ ಮುನ್ನೂರ ಅರವತ್ತು ದಿನ ಹುಡುಗರು ಎಲ್ಲಿ ಆಡಬೇಕು?” ಎಂದು ನಾನು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ರಸ್ತೆಯಲ್ಲಿ ಆಡಲಿ ಎಂದು ಬಾಯಿಬಿಟ್ಟು ಹೇಳುವವರಿಲ್ಲ, ಆದರೆ ಆಗುವುದು ಅದೇ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕಾಗದ. ನಗರಪರಿಷತ್ತಿನಲ್ಲಿ ಮಂಜೂರಾದ ಲೇಔಟಿನ ನಕಾಶೆ ಇರುತ್ತದೆ. ಕೊಡಲು ಹಿಂದೆಮುಂದೆ ನೋಡಿದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಕೆಳಗೆ ಹತ್ತು ರೂಪಾಯಿಯ ಅರ್ಜಿ ಹಾಕಿದರಾಯಿತು. 30 ದಿನಗಳಲ್ಲಿ ಉತ್ತರ ಕೊಡಬೇಕು. ನಕಾಶೆಯಲ್ಲಿ ಬಯಲೆಂದು ಬರೆದ ಅಳತೆಯನ್ನೂ ನೆಲದ ಮೇಲಿನ ಅಳತೆಯನ್ನೂ ಟೇಪು ಹಿಡಿದು ಹೋಲಿಸಬೇಕು. ಸಾತ್-ಬಾರಾ ಉತಾರೆಯಲ್ಲಿ ಆ ತುಂಡು ಯಾರ ಹೆಸರಿನಲ್ಲಿದೆ ನೋಡಬೇಕು. ಹಳೆಯ ಧಣಿಯ ಹೆಸರೇ ಉಳಿದಿದ್ದರೆ ಎಚ್ಚರ. ನಾಳೆ ಅವನ ಮೊಮ್ಮಕ್ಕಳು ‘ನಮ್ಮಜ್ಜನ ಹೊಲ’ ಎಂದು ಬರಬಹುದು. ಇದನ್ನೆಲ್ಲ ಒಬ್ಬೊಬ್ಬರೇ ಮಾಡುವುದಕ್ಕಿಂತ ನಿವಾಸಿಗಳ ಸೊಸಾಯಟಿ ಕಟ್ಟಿಕೊಂಡು ಮಾಡುವುದು ಮೇಲು.

ಆಮೇಲೆ ಮರ. ಪೇಟೆಯ ಚಿತ್ರ ನೋಡಿ ಹಸಿರು ಹುಲ್ಲಿನ ಲಾನು, ಕಾರಂಜಿ ಮಾಡಹೋಗಬಾರದು. ಕುಡಿಯಲು ಟ್ಯಾಂಕರು ಕಾಯುವ ಊರಿಗೆ ಲಾನು ಭಾರ. ಒಂದು ಬೇಸಿಗೆ ನೀರು ತಪ್ಪಿದರೆ ಒಣಗುತ್ತದೆ, ಒಣಗಿದ್ದೇ ತಡ ಮತ್ತೆ ‘ಖಾಲಿ ಬಿದ್ದದ’ ಎಂಬ ಮಾತು. ಬೇವು, ಹೊಂಗೆ, ಹುಣಸೆ, ಅರಳಿ ನಮ್ಮ ನೆಲದವು. ಮೊದಲ ಎರಡು-ಮೂರು ಬೇಸಿಗೆ ಕೊಡ ಹೊತ್ತು ಕಾಪಾಡಿದರೆ ಮುಂದೆ ಅವೇ ನಮ್ಮನ್ನು ಕಾಪಾಡುತ್ತವೆ. ನಡುವೆ ಹುಡುಗರಿಗೆ ಬರಿಯ ಮಣ್ಣಿನ ಬಯಲಿರಲಿ, ಅಂಚಿನಲ್ಲಿ ಮುದುಕರಿಗೆ ಒಂದು ಕಟ್ಟೆ. ಜನ ದಿನಾಲೂ ಕೂಡುವ ಜಾಗವನ್ನು ಅಳೆಯಲು ಬರುವವನು ಎರಡು ಸಲ ಯೋಚಿಸುತ್ತಾನೆ.

ಮಿತ್ರರೇ, ಬರುವ ರಜೆಯಲ್ಲಿ ನಿಮ್ಮ ನಿಮ್ಮ ಊರಿಗೆ ಹೋಗುತ್ತೀರಿ. ನಿಮ್ಮ ಬಡಾವಣೆಯ ನಕಾಶೆಯನ್ನು ಒಮ್ಮೆ ಕೇಳಿ ತರಿಸಿ ನೋಡಿ. ಅದರಲ್ಲಿ ಬಯಲೆಂದು ಬರೆದ ಕಡೆ ಈಗ ಏನಿದೆ ಎಂಬುದನ್ನು ಕಣ್ಣಾರೆ ಕಂಡು ಬನ್ನಿ. ಉಳಿದಿದ್ದರೆ ಎರಡು ಬೇವಿನ ಸಸಿ ಹಚ್ಚಿ ಬನ್ನಿ.